ಅಂಕಿ ನೂರಿದ್ದರೇನು, ಬೀಜ ಗೊತ್ತಿದ್ದರೆ!

ಕಳೆದ ಸೆಮಿಸ್ಟರ್‌ನ ಒಂದು ಲ್ಯಾಬ್. ಮ್ಯಾಕ್ಸಿಮಾ ಎಂಬ ಗಣಿತದ ತಂತ್ರಾಂಶ ತೆರೆದು, 50 ಅಂಕಿಗಳಷ್ಟು ದೊಡ್ಡ ಒಂದು ರ‍್ಯಾಂಡಮ್ ಸಂಖ್ಯೆ ತೆಗೆದು, ಅದು ಅವಿಭಾಜ್ಯವೇ ಎಂದು ಪರೀಕ್ಷಿಸುವುದು ಅಂದಿನ ಪ್ರಯೋಗ. ಎಲ್ಲರೂ ಒಂದೇ ಸಾಲಿನ ಆದೇಶ ಕೊಟ್ಟು ಎಂಟರ್ ಒತ್ತಿದೆವು. ಉದ್ದನೆಯ ಸಂಖ್ಯೆ ಬಂತು. ಅದನ್ನು ರೆಕಾರ್ಡ್ ಪುಸ್ತಕಕ್ಕೆ ಇಳಿಸಿಕೊಳ್ಳುವಾಗ ಪಕ್ಕದ ಗೆಳತಿ ನನ್ನ ಪರದೆಯನ್ನೇ ನೋಡುತ್ತಿದ್ದಳು. ಅವಳ ಪರದೆಯಲ್ಲೂ ಅದೇ ಸಂಖ್ಯೆ! ಒಂದೇ ಒಂದು ಅಂಕಿ ಆಚೀಚೆ ಇಲ್ಲ. ಹಿಂದಿನ ಸಾಲಿನ ಇಬ್ಬರದ್ದೂ ಅದೇ. ರೆಕಾರ್ಡ್‌ಗೆ ಸಹಿ ಹಾಕಲು ಬಂದ ಮೇಡಂ, ‘ಯಾರದ್ದನ್ನು ನೋಡಿ ಯಾರು ಬರೆದಿದ್ದೀರಿ, ಮೊದಲು ಅದನ್ನು ಹೇಳಿ’ ಎಂದರು.

ಯಾರೂ ಯಾರದ್ದನ್ನೂ ನೋಡಿ ಬರೆದಿರಲಿಲ್ಲ. ಹತ್ತರ ಮುಂದೆ ಸೊನ್ನೆಗಳನ್ನು ಜೋಡಿಸುತ್ತಾ 10ರ ಘಾತ 50 ಎಂದು ಬರೆದರೆ, ಅದು ಹೆಚ್ಚು ಕಡಿಮೆ ಈ ಇಡೀ ಭೂಮಿಯಲ್ಲಿರುವ ಪರಮಾಣುಗಳ ಲೆಕ್ಕ. ಅಷ್ಟು ಸಂಖ್ಯೆಗಳ ರಾಶಿಯಿಂದ ನಾಲ್ಕು ಕಂಪ್ಯೂಟರುಗಳು ಕಣ್ಣುಮುಚ್ಚಿ ಒಂದೊಂದನ್ನು ಎತ್ತಿದರೆ ನಾಲ್ಕಕ್ಕೂ ಒಂದೇ ಸಿಗುವುದು ಸಾಧ್ಯವೇ? ಸಾಧ್ಯವಿಲ್ಲ. ಅಂದರೆ ಅವು ಕಣ್ಣು ಮುಚ್ಚಿಯೇ ಇರಲಿಲ್ಲ.

ಮ್ಯಾಕ್ಸಿಮಾ ಹುಟ್ಟಿದ್ದು ಅಮೆರಿಕದ ಎಂಐಟಿಯಲ್ಲಿ 1968ರಲ್ಲಿ ಶುರುವಾದ ಮ್ಯಾಕ್ಸಿಮಾ ಪೂರ್ವಜ ‘ಮ್ಯಾಕ್‌ಸಿಮಾ’ ಎಂಬ ಯೋಜನೆಯಿಂದ. ಇದರ ಜೊತೆಗೆ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಮೇಪಲ್, 1988ರಲ್ಲಿ ಬಂದ ಮ್ಯಾಥಮೆಟಿಕಾ, ಪೈಥಾನ್ ಜೊತೆ ಬಳಸುವ ಸಿಂಪೈ, ಇವೆಲ್ಲ ಒಂದೇ ಕುಲದವು. ಸಾಮಾನ್ಯ ಕ್ಯಾಲ್ಕುಲೇಟರ್ ಸಂಖ್ಯೆಯನ್ನು ಒಂದಿಷ್ಟು ಅಂಕಿಗಳಿಗೆ ಕತ್ತರಿಸಿ ಇಟ್ಟುಕೊಳ್ಳುತ್ತದೆ. ಇವು ಹಾಗಲ್ಲ. ಎರಡರ ಘಾತ 100 ಎಷ್ಟು ಎಂದರೆ ಅನೇಕ ಕ್ಯಾಲ್ಕುಲೇಟರುಗಳು 1.26 ಎಂದು ಶುರುಮಾಡಿ ಪಕ್ಕದಲ್ಲಿ ಘಾತವೊಂದನ್ನು ತೋರಿಸಿ ಕೈತೊಳೆದುಕೊಳ್ಳುತ್ತವೆ. ಮ್ಯಾಕ್ಸಿಮಾ 1267650600228229401496703205376 ಎಂದು ಕೊನೆಯ ಅಂಕಿಯವರೆಗೂ ಬರೆದುಕೊಡುತ್ತದೆ. ಹಾಗಾಗಿಯೇ ನೂರು ಅಂಕಿ, ಇನ್ನೂರು ಅಂಕಿಗಳ ಪೂರ್ಣಾಂಕಗಳ ಜೊತೆ ಆಡಬೇಕೆಂದರೆ ಇವೇ ಬೇಕು.

ಆಡುವುದಾದರೂ ಯಾಕೆ ಎಂದು ಕೇಳಬಹುದು. ರ‍್ಯಾಂಡಮ್ ಸಂಖ್ಯೆ, ಪಠ್ಯಪುಸ್ತಕದ ಭಾಷೆಯಲ್ಲಿ ಯಾದೃಚ್ಛಿಕ ಸಂಖ್ಯೆ, ನಮ್ಮ ಜೇಬಿನಲ್ಲೇ ಇದೆ. 12 ಅಂಕಿಗಳ ಆಧಾರ್ ಸಂಖ್ಯೆ ರ‍್ಯಾಂಡಮ್ ಆಗಿರಬೇಕು, ಅದಕ್ಕೂ ವ್ಯಕ್ತಿಯ ಗುರುತಿಗೂ ಯಾವ ಸಂಬಂಧವೂ ಇರಬಾರದು ಎಂದು 2016ರ ಆಧಾರ್ ಕಾಯ್ದೆಯೇ ಹೇಳುತ್ತದೆ. ಊರು, ಹುಟ್ಟಿದ ವರ್ಷ, ಜಾತಿ ಯಾವುದನ್ನೂ ಆ ಅಂಕಿಗಳಿಂದ ಊಹಿಸುವಂತಿಲ್ಲ. ಇನ್ನು ಬ್ಯಾಂಕಿನ ಆ್ಯಪ್ ತೆರೆದಾಗ, ಯಾವುದೋ ಜಾಲತಾಣದ ಪಕ್ಕದಲ್ಲಿ ಬೀಗದ ಚಿತ್ರ ಕಂಡಾಗ, ಅದರ ಹಿಂದೆ ಇರುವುದು ನೂರಾರು ಅಂಕಿಗಳ ರ‍್ಯಾಂಡಮ್ ಪೂರ್ಣಾಂಕಗಳು. ಆ ಸಂಖ್ಯೆ ಬೇರೆಯವರಿಗೆ ಊಹಿಸಲು ಬಾರದು ಎಂಬುದೊಂದೇ ಅಲ್ಲಿ ನಮಗಿರುವ ಕಾವಲು.

ಈಗ ಆ ನಾಲ್ಕು ಪರದೆಗಳ ಗುಟ್ಟಿಗೆ ಬರೋಣ. ಕಂಪ್ಯೂಟರ್ ತಾನಾಗಿ ಏನನ್ನೂ ‘ಎತ್ತುವುದಿಲ್ಲ’. ಅದು ಲೆಕ್ಕ ಮಾಡುತ್ತದೆ. ಆರಂಭಕ್ಕೆ ಒಂದು ಸಂಖ್ಯೆ ಕೊಡಬೇಕು. ಅದಕ್ಕೆ ಇಂಗ್ಲಿಷಿನಲ್ಲಿ ಸೀಡ್ ಎನ್ನುತ್ತಾರೆ, ಕನ್ನಡದಲ್ಲಿ ಬೀಜ ಎನ್ನಲು ಏನಡ್ಡಿ? ಬೀಜಕ್ಕೆ ಒಂದು ನಿಯಮ ಹಚ್ಚಿದರೆ ಮುಂದಿನ ಸಂಖ್ಯೆ, ಅದಕ್ಕೆ ಅದೇ ನಿಯಮ ಹಚ್ಚಿದರೆ ಅದರ ಮುಂದಿನದು. ಬಿತ್ತಿದಂತೆ ಬೆಳೆ. ಮ್ಯಾಕ್ಸಿಮಾವನ್ನು ಹೊಸದಾಗಿ ತೆರೆದಾಗಲೆಲ್ಲ ಅದು ಒಂದೇ ನಿಗದಿತ ಬೀಜದಿಂದ ಹೊರಡುತ್ತದೆ. ನಮ್ಮ ಲ್ಯಾಬ್‌ನ ಎಲ್ಲ ಯಂತ್ರಗಳಲ್ಲೂ ಒಂದೇ ಆವೃತ್ತಿ, ಎಲ್ಲರದ್ದೂ ತೆರೆದ ಮೇಲಿನ ಮೊದಲ ಆದೇಶ. ಫಸಲು ಬೇರೆಯಾಗುವುದಾದರೂ ಹೇಗೆ?

ನಿಯಮ ಅಂದರೆ ಏನೋ ಮಾಯಾಮಂತ್ರ ಎಂದುಕೊಳ್ಳಬೇಡಿ. ಮೇಪಲ್‌ನ ಹಳೆಯ ಆವೃತ್ತಿಗಳಲ್ಲಿದ್ದ ನಿಯಮ ಹೈಸ್ಕೂಲ್ ಹುಡುಗರಿಗೂ ಅರ್ಥವಾಗುವಂಥದ್ದು. ಕೈಯಲ್ಲಿರುವ ಸಂಖ್ಯೆಯನ್ನು 427419669081ರಿಂದ ಗುಣಿಸಿ. ಬಂದದ್ದನ್ನು 999999999989ರಿಂದ ಭಾಗಿಸಿ. ಶೇಷ ಏನುಳಿಯಿತೋ ಅದೇ ನಿಮ್ಮ ರ‍್ಯಾಂಡಮ್ ಸಂಖ್ಯೆ. ಮುಂದಿನ ಸುತ್ತಿಗೂ ಅದೇ ಬೀಜ. ಇಷ್ಟೇ! ಈ ಬಗೆಯ ಗುಣಿಸು-ಭಾಗಿಸು ವಿಧಾನವನ್ನು ಸೂಚಿಸಿದವರು ಅಮೆರಿಕದ ಗಣಿತಜ್ಞ ಡಿ.ಎಚ್. ಲೆಹ್ಮರ್, 1949ರಲ್ಲಿ. ಅವರು ಎನಿಯಾಕ್ ಯಂತ್ರಕ್ಕಾಗಿ ಆರಿಸಿಕೊಂಡ ಗುಣಕ ಬರೀ 23.

ಮೇಪಲ್‌ನ ಆರಂಭದ ಬೀಜ 1. ಒಂದನ್ನು ಯಾವುದರಿಂದ ಗುಣಿಸಿದರೂ ಅದೇ ಬರುತ್ತದಲ್ಲವೇ? ಹಾಗಾಗಿ ತಂತ್ರಾಂಶ ತೆರೆದು ಮೊದಲ ಸಲ ಕೇಳಿದರೆ ಬರುತ್ತಿದ್ದದ್ದು 427419669081. ಅಂದರೆ ತನ್ನ ಗುಣಕ ಯಾವುದೆಂಬುದನ್ನು ಮೊದಲ ಉತ್ತರದಲ್ಲೇ ಬಾಯಿಬಿಡುತ್ತಿತ್ತು! ಎರಡನೆಯದು 321110693270. ಇದನ್ನು ನಾನು ಕಾಗದದ ಮೇಲೆ ಆರಾರು ಅಂಕಿಗಳ ತುಂಡು ಮಾಡಿಕೊಂಡು ಗುಣಿಸಿ ನೋಡಿದೆ, ಸರಿಯಾಗಿ ಬಂತು. ಭಾಜಕ 999999999989 ಅಂದರೆ ಒಂದು ಲಕ್ಷ ಕೋಟಿಗೆ 11 ಕಡಿಮೆ. ಅದರಿಂದ ಭಾಗಿಸುವುದು ಬಹಳ ಸುಲಭ: ಕೊನೆಯ 12 ಅಂಕಿಗಳನ್ನು ಬಿಟ್ಟು ಎಡಗಡೆ ಉಳಿದದ್ದನ್ನು 11ರಿಂದ ಗುಣಿಸಿ ಆ 12 ಅಂಕಿಗಳಿಗೆ ಕೂಡಿಸುತ್ತಾ ಹೋದರಾಯಿತು. ಮೂರನೆಯದನ್ನು ನೀವೇ ಮಾಡಿ ನೋಡಿ. 343633073697 ಬಂದರೆ ನಿಮ್ಮ ಗುಣಾಕಾರ ಚೆನ್ನಾಗಿದೆ ಎಂದರ್ಥ.

ಈ ಮೂರು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಅಜ್ಜಿಗೆ ತೋರಿಸಿದರೆ, ಯಾವುದೋ ಲಾಟರಿ ನಂಬರ್ ಎಂದಾರು. ನೋಡಲು ಅಷ್ಟು ಅಡ್ಡಾದಿಡ್ಡಿ. ಆದರೆ ನಿಯಮ ಗೊತ್ತಿದ್ದವರಿಗೆ ಒಂದನ್ನು ಕೊಟ್ಟರೆ ಸಾಕು, ಮುಂದಿನ ಸಾವಿರ ಸಂಖ್ಯೆಗಳನ್ನು ಸರಸರ ಬರೆಯುತ್ತಾರೆ.

ನಮಗೆ ಬೇಕಿರುವುದು ನೂರು ಅಂಕಿಯ ಸಂಖ್ಯೆ ಎಂದಿಟ್ಟುಕೊಳ್ಳಿ. ಇಂಥ 12 ಅಂಕಿಗಳ ಒಂಬತ್ತು ತುಂಡುಗಳನ್ನು ಒಂದರ ಪಕ್ಕ ಒಂದು ಜೋಡಿಸಿ, ಹೆಚ್ಚಾದದ್ದನ್ನು ಕತ್ತರಿಸಿದರೆ ಸಂಖ್ಯೆ ಸಿದ್ಧ. ನೋಡಲು ಭರ್ಜರಿ. ಇದನ್ನು ಊಹಿಸಬೇಕಾದವನು 10ರ ಘಾತ 100 ಸಾಧ್ಯತೆಗಳನ್ನು ತಡಕಾಡಬೇಕು ಎಂದು ನಮಗೆ ಅನ್ನಿಸುತ್ತದೆ. ಆದರೆ ಅವನೇಕೆ ತಡಕಾಡಿಯಾನು? ಒಂಬತ್ತೂ ತುಂಡುಗಳು ಹೊರಟದ್ದು ಒಂದೇ ಬೀಜದಿಂದ. ಬೀಜಗಳಿರುವುದು ಹೆಚ್ಚೆಂದರೆ ಒಂದು ಲಕ್ಷ ಕೋಟಿ. ಹಾಗಾಗಿ ಈ ವಿಧಾನದಿಂದ ಹುಟ್ಟಬಹುದಾದ ನೂರಂಕಿಯ ಸಂಖ್ಯೆಗಳೂ ಒಂದು ಲಕ್ಷ ಕೋಟಿಯೇ, ಒಂದೂ ಹೆಚ್ಚಿಲ್ಲ. ಬಜೆಟ್ ದಿನ ಟಿವಿಯಲ್ಲಿ ಕೇಳಿ ನಮಗೆ ಲಕ್ಷ ಕೋಟಿ ದೊಡ್ಡದೆನಿಸಬಹುದು. ಸೆಕೆಂಡಿಗೆ ಹತ್ತು ಕೋಟಿ ಬೀಜ ಪರೀಕ್ಷಿಸುವ ಯಂತ್ರಕ್ಕೆ ಅದು ಹತ್ತು ಸಾವಿರ ಸೆಕೆಂಡಿನ ಕೆಲಸ. ಮೂರು ಗಂಟೆಯೂ ಬೇಡ, ಒಂದು ಸಿನಿಮಾ ಮುಗಿಯುವಷ್ಟರಲ್ಲಿ ಆಯಿತು.

ಬೀಜವನ್ನು ಗಡಿಯಾರದಿಂದ ತೆಗೆದುಕೊಂಡರೆ ಇನ್ನೂ ಸುಲಭ. ಮೇಪಲ್‌ನಲ್ಲಾಗಲಿ ಮ್ಯಾಕ್ಸಿಮಾದಲ್ಲಾಗಲಿ ಬೀಜವನ್ನು ಗಡಿಯಾರದಿಂದ ಹಾಕಿಕೊಳ್ಳುವ ಆದೇಶವಿದೆ. ಅದನ್ನು ಕೊಟ್ಟರೆ ಅಕ್ಕಪಕ್ಕದವರ ಸಂಖ್ಯೆಗಳು ಬೇರೆ ಬೇರೆಯಾಗುತ್ತವೆ, ಲ್ಯಾಬ್‌ಗೆ ಅಷ್ಟು ಸಾಕು. ಆದರೆ ಬೀಜ ಸೆಕೆಂಡಿನ ಲೆಕ್ಕದ್ದಾಗಿದ್ದು, ಯಾವ ದಿನ ಎಂಬುದು ಗೊತ್ತಿದ್ದರೆ, ಹುಡುಕಬೇಕಾದದ್ದು 86,400 ಬೀಜಗಳನ್ನು ಮಾತ್ರ. ಯಾವ ಗಂಟೆ ಎಂದೂ ಗೊತ್ತಿದ್ದರೆ 3,600.

ನಮ್ಮ ಕಡೆ ಚೌಕಾಬಾರ ಆಡಲು ಕವಡೆ ಇಲ್ಲದಿದ್ದಾಗ ಹುಣಸೆ ಬೀಜವನ್ನು ಒಂದು ಕಡೆ ಕಲ್ಲಿಗೆ ಉಜ್ಜಿ ಬಿಳಿ ಮಾಡಿಕೊಳ್ಳುತ್ತಾರೆ. ಆ ಬೀಜ ಅಂಗೈಯಿಂದ ಹಾರಿ ನೆಲಕ್ಕೆ ಬೀಳುವಾಗ ಹೇಗೆ ಬೀಳುತ್ತದೆ ಎಂದು ಎಸೆದವರಿಗೂ ಗೊತ್ತಿಲ್ಲ. ಕಂಪ್ಯೂಟರಿನ ಬೀಜಕ್ಕೆ ಆ ಗುಣವಿಲ್ಲ. ಅದು ಎಸೆದ ಬೀಜವಲ್ಲ, ಇಟ್ಟ ಬೀಜ.

ಹಾಗೆಂದು ಈ ಗುಣ ದೋಷವೇ ಎಂದರೆ, ನನ್ನ ಮಟ್ಟಿಗೆ ಖಂಡಿತ ಅಲ್ಲ. ಮ್ಯಾಕ್ಸಿಮಾ ಮಾಡುವುದು ಸರಿಯಾಗಿಯೇ ಇದೆ. ಹತ್ತು ಸಾವಿರ ರ‍್ಯಾಂಡಮ್ ಸಂಖ್ಯೆ ಕೊಟ್ಟು ಒಂದು ಪ್ರೋಗ್ರಾಂ ಓಡಿಸಿದಿರಿ, 7,312ನೆಯದಕ್ಕೆ ಅದು ಕೈಕೊಟ್ಟಿತು. ಮರುದಿನ ಗೈಡ್ ಮುಂದೆ ಅದನ್ನೇ ತೋರಿಸಬೇಕೆಂದರೆ ಅದೇ ಸಂಖ್ಯೆಗಳು ಮತ್ತೆ ಬರಬೇಕು. ಬರದಿದ್ದರೆ ‘ನಿನ್ನೆ ಆಗಿತ್ತು ಸರ್, ಇವತ್ತು ಆಗ್ತಿಲ್ಲ’ ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಪ್ರಾಜೆಕ್ಟ್ ವರದಿಯಲ್ಲಿ ಬೀಜ ಯಾವುದೆಂದು ಒಂದು ಸಾಲು ಬರೆದಿಟ್ಟರೆ ಯಾರು ಬೇಕಾದರೂ ನಮ್ಮ ಫಲಿತಾಂಶವನ್ನು ಮತ್ತೆ ಪಡೆಯಬಹುದು. ವಿಜ್ಞಾನಕ್ಕೆ ಬೇಕಾದದ್ದು ಅದೇ. ತೊಂದರೆ ಆಗುವುದು ಆ ಸಂಖ್ಯೆಯನ್ನೇ ಬೀಗದ ಕೀಲಿ ಮಾಡಿದಾಗ.

ಈಗಿನ ಮ್ಯಾಕ್ಸಿಮಾ, ಪೈಥಾನ್‌ಗಳಲ್ಲಿ ಇರುವ ನಿಯಮ ಮರ್ಸೆನ್ ಟ್ವಿಸ್ಟರ್. ಜಪಾನಿನ ಮಕೊಟೊ ಮಾತ್ಸುಮೊಟೊ ಮತ್ತು ತಕುಜಿ ನಿಶಿಮುರಾ ರೂಪಿಸಿದ್ದು, 1998ರಲ್ಲಿ ಪ್ರಕಟವಾಯಿತು. ಅದು ಕೊಡುವ ಸರಣಿ ಮತ್ತೆ ಮೊದಲಿಗೆ ಬರಬೇಕಾದರೆ ಆಗಬೇಕಾದ ಹೆಜ್ಜೆಗಳ ಸಂಖ್ಯೆಯನ್ನು ಬರೆಯಲು 6,002 ಅಂಕಿಗಳು ಬೇಕು! ಇದನ್ನು ಓದಿದಾಗ ‘ಹಾಗಾದರೆ ಇದನ್ನು ಮುರಿಯಲು ಯಾರಿಂದಲೂ ಆಗದು’ ಎಂದೇ ಎಲ್ಲರಿಗೂ ತೋರುತ್ತದೆ. ಆದರೆ ಅದರ ಹೊಟ್ಟೆಯಲ್ಲಿರುವುದು 32 ಬಿಟ್‌ಗಳ 624 ತುಂಡುಗಳು. ಅದು ಹೊರಹಾಕಿದ 624 ಸಂಖ್ಯೆಗಳನ್ನು ಸಾಲಾಗಿ ಹಿಡಿದುಕೊಂಡರೆ ಹೊಟ್ಟೆಯ ಸ್ಥಿತಿಯನ್ನು ಇದ್ದಹಾಗೆ ಕಟ್ಟಿಕೊಳ್ಳಬಹುದು. ನಾವು 1,024 ಬಿಟ್‌ಗಳ, ಅಂದರೆ ಮುನ್ನೂರು ಚಿಲ್ಲರೆ ಅಂಕಿಗಳ ಪೂರ್ಣಾಂಕಗಳನ್ನು ತೆಗೆಯುತ್ತಿದ್ದರೆ ಒಂದೊಂದಕ್ಕೂ 32 ತುಂಡು ಖರ್ಚಾಗುತ್ತದೆ. 20 ಸಂಖ್ಯೆ ನೋಡಿದವನು 21ನೆಯದನ್ನು ಹೇಳಿಬಿಡುತ್ತಾನೆ. ಸಂಖ್ಯೆ ದೊಡ್ಡದಾದಷ್ಟೂ ಒಳಗಿನದು ಬೇಗ ಹೊರಬೀಳುತ್ತದೆ. ಮ್ಯಾಥಮೆಟಿಕಾದವರು ದೊಡ್ಡ ಪೂರ್ಣಾಂಕಗಳಿಗೆ ಬಹುಕಾಲ ಬಳಸಿದ್ದು ‘ರೂಲ್ 30’ ಎಂಬ ಬೇರೆಯೇ ಆಟ. ಒಂದು ಸಾಲು ಕಪ್ಪು-ಬಿಳುಪು ಮನೆಗಳು, ಪ್ರತಿ ಮನೆಯೂ ಎಡ-ಬಲ ನೋಡಿಕೊಂಡು ಮುಂದಿನ ಸಾಲಿನಲ್ಲಿ ಬಣ್ಣ ಬದಲಿಸುವುದು. ನೋಡಲು ಬಲು ಚೆಂದ. ಅದೂ ಬೀಜದಿಂದಲೇ ಹೊರಡುವಂಥದ್ದು.

ಇದೆಲ್ಲ ಲ್ಯಾಬ್‌ನ ತಮಾಷೆಯಾಗಿ ಉಳಿದಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. 1995ರಲ್ಲಿ ಅಂತರ್ಜಾಲದಲ್ಲಿ ಎಲ್ಲರೂ ಬಳಸುತ್ತಿದ್ದ ಬ್ರೌಸರ್ ನೆಟ್‌ಸ್ಕೇಪ್. ಕ್ರೆಡಿಟ್ ಕಾರ್ಡ್ ಸಂಖ್ಯೆ ಕದಿಯದಂತೆ ಅದು 128 ಬಿಟ್‌ಗಳವರೆಗಿನ ಗುಪ್ತ ಕೀಲಿ ತಯಾರಿಸುತ್ತಿತ್ತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಇಯಾನ್ ಗೋಲ್ಡ್‌ಬರ್ಗ್ ಮತ್ತು ಡೇವಿಡ್ ವ್ಯಾಗ್ನರ್ ಎಂಬ ಇಬ್ಬರು ವಿದ್ಯಾರ್ಥಿಗಳು ಆ ಪ್ರೋಗ್ರಾಂನ ಒಳಹೊಕ್ಕು ನೋಡಿದರು. ಬೀಜವಾಗಿ ಹೋಗುತ್ತಿದ್ದದ್ದು ಆ ಹೊತ್ತಿನ ಸಮಯ ಮತ್ತು ಕಂಪ್ಯೂಟರ್ ಒಳಗೆ ಪ್ರೋಗ್ರಾಂಗೆ ಕೊಡುವ ಎರಡು ಕ್ರಮಸಂಖ್ಯೆಗಳು. ಬಾಗಿಲು ಉಕ್ಕಿನದು, ಕೀಲಿ ಮ್ಯಾಟ್ ಕೆಳಗೆ! ನಮ್ಮ ನಿಮ್ಮಂತೆ ಕ್ಲಾಸು, ಅಸೈನ್‌ಮೆಂಟ್ ಎಂದು ಓಡಾಡುತ್ತಿದ್ದವರೇ ಇದನ್ನು ಹಿಡಿದರು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

2008ರ ಕಥೆ ಇನ್ನೂ ವಿಚಿತ್ರ. ಡೆಬಿಯನ್ ಎಂಬ ಲಿನಕ್ಸ್ ಬಳಗದವರು 2006ರಲ್ಲಿ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶವನ್ನು ಹೊಂದಿಸಿಕೊಳ್ಳುವಾಗ, ದೋಷ ಹುಡುಕುವ ಸಾಧನವೊಂದು ಎಚ್ಚರಿಕೆ ಕೊಡುತ್ತಿದೆ ಎಂದು ಒಂದೆರಡು ಸಾಲುಗಳನ್ನು ತೆಗೆದುಹಾಕಿದರು. ಬೀಜದೊಳಗೆ ಅನಿಶ್ಚಿತತೆ ಬೆರೆಸುತ್ತಿದ್ದದ್ದು ಆ ಸಾಲುಗಳೇ. ಅವು ಹೋದ ಮೇಲೆ ಬೀಜದಲ್ಲಿ ಬದಲಾಗುತ್ತಿದ್ದದ್ದು ಪ್ರೋಗ್ರಾಂನ ಕ್ರಮಸಂಖ್ಯೆ ಒಂದೇ. ಅದು 32,768ನ್ನು ಮೀರುವುದಿಲ್ಲ. ಆದ್ದರಿಂದ ಒಂದು ಬಗೆಯ ಯಂತ್ರದಲ್ಲಿ 2,048 ಬಿಟ್‌ನ ಕೀಲಿ ಮಾಡಿಸಿದರೂ ಬರುತ್ತಿದ್ದದ್ದು ಆ ಮೂವತ್ತೆರಡು ಸಾವಿರ ಚಿಲ್ಲರೆ ಕೀಲಿಗಳಲ್ಲೊಂದು. ಲೂಸಿಯಾನೊ ಬೆಲ್ಲೊ ಇದನ್ನು ಕಂಡುಹಿಡಿದು, 2008ರ ಮೇ ತಿಂಗಳಲ್ಲಿ ಜಗಜ್ಜಾಹೀರಾಗುವ ಹೊತ್ತಿಗೆ ಹೆಚ್ಚುಕಡಿಮೆ ಇಪ್ಪತ್ತು ತಿಂಗಳು ಕಳೆದಿತ್ತು. ಅಷ್ಟೂ ದಿನ ಯಾರಿಗೂ ಅನುಮಾನ ಬಂದಿರಲಿಲ್ಲ, ಏಕೆಂದರೆ ಒಂದೊಂದು ಕೀಲಿಯನ್ನೂ ಬಿಡಿಯಾಗಿ ನೋಡಿದರೆ ಅದು ಅಪ್ಪಟ ರ‍್ಯಾಂಡಮ್ ಆಗಿಯೇ ಕಾಣುತ್ತಿತ್ತು.

ಮೂರನೆಯದು ನನಗೆ ಅಚ್ಚುಮೆಚ್ಚು, ಏಕೆಂದರೆ ಅಲ್ಲಿ ಬೀಗ ಒಡೆದದ್ದು ನಾವು ಹೈಸ್ಕೂಲಿನಲ್ಲಿ ಮಾಡಿದ ಮ.ಸಾ.ಅ. ಆರ್‌ಎಸ್‌ಎ ಬೀಗದ ತತ್ವ ಇಷ್ಟು: ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಟ್ಟಾಗಿ ಆರಿಸಿ, ಅವುಗಳ ಗುಣಲಬ್ಧವನ್ನು ಜಗತ್ತಿಗೆಲ್ಲ ತೋರಿಸುವುದು. ಅವಿಭಾಜ್ಯಗಳನ್ನು ಹುಡುಕಲು ರ‍್ಯಾಂಡಮ್ ಸಂಖ್ಯೆ ತೆಗೆದು ಪರೀಕ್ಷಿಸುತ್ತಾ ಹೋಗುತ್ತಾರೆ. ನೂರು ಅಂಕಿಯ ಆಸುಪಾಸಿನಲ್ಲಿ ಸುಮಾರು 230 ಸಂಖ್ಯೆಗಳಿಗೊಂದು ಅವಿಭಾಜ್ಯ ಸಿಗುವುದರಿಂದ ಇದು ಕಷ್ಟವಲ್ಲ. ಆದರೆ ಗುಣಲಬ್ಧದಿಂದ ಹಿಂದಕ್ಕೆ ಹೋಗಿ ಆ ಎರಡನ್ನು ಹುಡುಕುವುದು ಮಹಾ ಕಷ್ಟ. 2020ರಲ್ಲಿ 250 ಅಂಕಿಗಳ ಒಂದು ಗುಣಲಬ್ಧವನ್ನು ಒಡೆಯಲು ತಗುಲಿದ ಕೆಲಸ, ಪ್ರೊಸೆಸರಿನ ಒಂದೇ ಕೋರ್ ಕೂತು ಮಾಡಿದ್ದರೆ ಸುಮಾರು 2,700 ವರ್ಷ.

2012ರಲ್ಲಿ ನಾಡಿಯಾ ಹೆನಿಂಗರ್ ಮತ್ತು ಸಂಗಡಿಗರು ಅಂತರ್ಜಾಲದಲ್ಲೆಲ್ಲ ಸುತ್ತಿ ಇಂಥ ಗುಣಲಬ್ಧಗಳನ್ನು ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ಕಲೆಹಾಕಿದರು. ಯಾವುದನ್ನೂ ಒಡೆಯಲು ಹೋಗಲಿಲ್ಲ. ಎರಡೆರಡನ್ನು ಹೋಲಿಸಿದಂತೆ ಮ.ಸಾ.ಅ. ಕಂಡುಹಿಡಿದರು. ಅದರ ಮಜಾ ಸಣ್ಣ ಸಂಖ್ಯೆಗಳಲ್ಲೇ ನೋಡಬಹುದು. ಒಬ್ಬರ ಬೀಗ 10403, ಇನ್ನೊಬ್ಬರದ್ದು 10807 ಎಂದಿರಲಿ. ದೊಡ್ಡದರಿಂದ ಚಿಕ್ಕದನ್ನು ಕಳೆದರೆ 404. 10403ನ್ನು 404ರಿಂದ ಭಾಗಿಸಿದರೆ ಶೇಷ 303. 404ರಲ್ಲಿ 303 ಹೋದರೆ 101. 303ನ್ನು 101 ನಿಶ್ಶೇಷವಾಗಿ ಭಾಗಿಸುತ್ತದೆ. ಮುಗಿಯಿತು! 101 ಎರಡಕ್ಕೂ ಸಾಮಾನ್ಯ. ಹಾಗಾದರೆ ಮೊದಲನೆಯದು 101 ಗುಣಿಸು 103, ಎರಡನೆಯದು 101 ಗುಣಿಸು 107. ಒಂದನ್ನೇ ಇಟ್ಟುಕೊಂಡು ಕೂತಿದ್ದರೆ ಹುಡುಕಾಟ, ಎರಡು ಸಿಕ್ಕಿದ್ದಕ್ಕೆ ನಾಲ್ಕು ಸಾಲಿನ ಲೆಕ್ಕ. ಯೂಕ್ಲಿಡ್‌ನ ಈ ವಿಧಾನಕ್ಕೆ ಎರಡು ಸಾವಿರ ವರ್ಷ ದಾಟಿದೆ, ನೂರಾರು ಅಂಕಿಗಳ ಸಂಖ್ಯೆಗಳಿಗೂ ಮ್ಯಾಕ್ಸಿಮಾ ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ಅದನ್ನು ಮಾಡಿಕೊಡುತ್ತದೆ.

ಅವಿಭಾಜ್ಯಗಳು ನಿಜಕ್ಕೂ ರ‍್ಯಾಂಡಮ್ ಆಗಿದ್ದರೆ ಇಬ್ಬರಿಗೆ ಒಂದೇ ಸಿಗುವುದು ಅಸಂಭವ. ಆದರೆ ಆ ಸಂಶೋಧಕರು ನೋಡಿದ ಜಾಲತಾಣ ಬೀಗಗಳಲ್ಲಿ ಸಾವಿರಕ್ಕೆ ಐದು ಯಂತ್ರಗಳ ಗುಪ್ತ ಕೀಲಿ ಈ ಮಾರ್ಗದಿಂದಲೇ ಅವರ ಕೈಗೆ ಬಂತು. ಬಹುತೇಕ ಸಿಕ್ಕಿಬಿದ್ದದ್ದು ರೂಟರ್, ಫೈರ್‌ವಾಲ್‌ನಂಥ ಪುಟ್ಟ ಪೆಟ್ಟಿಗೆಗಳು. ಪೆಟ್ಟಿಗೆ ಬಿಚ್ಚಿ ಮೊದಲ ಸಲ ಸ್ವಿಚ್ ಹಾಕಿದ ಕೂಡಲೇ ಅವು ಕೀಲಿ ಮಾಡಿಕೊಳ್ಳುತ್ತವೆ. ಆ ಗಳಿಗೆಯಲ್ಲಿ ಕೀಲಿಮಣೆ ಇಲ್ಲ, ಮೌಸ್ ಇಲ್ಲ, ಹೊರಗಿನ ಸದ್ದುಗದ್ದಲ ಇನ್ನೂ ಒಳಗೆ ಬಂದಿಲ್ಲ. ಎಲ್ಲ ಪೆಟ್ಟಿಗೆಗಳೂ ಒಂದೇ ಸ್ಥಿತಿಯಲ್ಲಿ ಕಣ್ಣುಬಿಡುತ್ತವೆ. ನಮ್ಮ ಲ್ಯಾಬ್‌ನ ಆ ನಾಲ್ಕು ಪರದೆಗಳಂತೆಯೇ.

ಇಂಥದ್ದು ದೂರದಲ್ಲೇ ಆಗಬೇಕೆಂದಿಲ್ಲ. ನನಗೆ ಗೊತ್ತಿರುವ ಒಂದು ಕಾಲೇಜಿನ ಫೆಸ್ಟ್‌ಗೆ ಊಟದ ಕೂಪನ್‌ಗಳನ್ನು ಕ್ಯೂಆರ್ ಕೋಡ್‌ನಲ್ಲಿ ಕೊಡುವುದೆಂದಾಯಿತು. ಪ್ರತಿ ಕೂಪನ್‌ಗೂ 20 ಅಂಕಿಯ ಸಂಖ್ಯೆ. ಪಟ್ಟಿ ಕಳೆದುಹೋದರೆ ಮತ್ತೆ ಹುಟ್ಟಿಸಿಕೊಳ್ಳಬಹುದು ಎಂದು ಬೀಜಕ್ಕೆ ಫೆಸ್ಟ್‌ನ ದಿನಾಂಕವನ್ನೇ ಹಾಕಿದ್ದರು. ಕೋಡ್ ಎಲ್ಲರಿಗೂ ಕಾಣುವಂತೆ ಅಂತರ್ಜಾಲದಲ್ಲಿತ್ತು. ದಿನಾಂಕವಂತೂ ಗೋಡೆಗೋಡೆಗೂ ಪೋಸ್ಟರ್ ಆಗಿ ಅಂಟಿತ್ತು! ಹಿಂದಿನ ಸಂಜೆ ಒಬ್ಬ ಜೂನಿಯರ್ ತನ್ನ ಲ್ಯಾಪ್‌ಟಾಪ್‌ನಲ್ಲಿ ಇಡೀ ಪಟ್ಟಿಯನ್ನು ತೆಗೆದು ತೋರಿಸಿದ. ರಾತ್ರಿ ಕೂತು ಎಲ್ಲ ಕೂಪನ್ ಹೊಸದಾಗಿ ಮಾಡಿದರು. ಅವನಿಗೆ ಒಂದು ಹೋಳಿಗೆ ಹೆಚ್ಚು ಬಡಿಸಿದರಂತೆ.

ಹಾಗಾದರೆ ಗುಟ್ಟಿನ ಸಂಖ್ಯೆ ಬೇಕಾದಾಗ ಏನು ಮಾಡಬೇಕು? ಗಣಿತದ ತಂತ್ರಾಂಶವನ್ನು ಗಣಿತಕ್ಕೆ ಬಿಡಿ, ಬೀಜವನ್ನು ಆಪರೇಟಿಂಗ್ ಸಿಸ್ಟಂ ಕೈಯಿಂದ ಪಡೆಯಿರಿ. ಪೈಥಾನ್ 3.6ರಿಂದ, ಅಂದರೆ 2016ರಿಂದ, ‘ಸೀಕ್ರೆಟ್ಸ್’ ಎಂಬ ಮಾಡ್ಯೂಲ್ ಇದಕ್ಕೆಂದೇ ಇದೆ. ‘ರ‍್ಯಾಂಡಮ್’ ಎಂದು ಬರೆಯುವಲ್ಲಿ ಅದನ್ನು ಬರೆದರೆ ಆಯಿತು, ಪ್ರೋಗ್ರಾಂ ಹೆಚ್ಚೇನೂ ಬದಲಾಗದು. ಸಿಂಪೈನಲ್ಲಿ ರ‍್ಯಾಂಡಮ್ ಅವಿಭಾಜ್ಯ ಕೊಡುವ ಆದೇಶವಿದೆ, ಆರ್‌ಎಸ್‌ಎ ಕಲಿಯಲು ಬಹಳ ಚೆನ್ನ. ಆದರೆ ಅದರ ಒಳಗೂ ತಿರುಗುತ್ತಿರುವುದು ಸಾಮಾನ್ಯ ಮರ್ಸೆನ್ ಟ್ವಿಸ್ಟರ್. ಮಿನಿ ಪ್ರಾಜೆಕ್ಟ್‌ನಲ್ಲಿ ಅದನ್ನೇ ಬಳಸಿ ‘ಸುರಕ್ಷಿತ ಚಾಟ್ ಆ್ಯಪ್’ ಎಂದು ಶೀರ್ಷಿಕೆ ಕೊಡುವವರು ವೈವಾದಲ್ಲಿ ಈ ಪ್ರಶ್ನೆಗೆ ಸಿದ್ಧರಾಗಿ ಹೋಗುವುದು ಒಳ್ಳೆಯದು.

ಆಪರೇಟಿಂಗ್ ಸಿಸ್ಟಂಗಾದರೂ ಎಲ್ಲಿಂದ ಬರಬೇಕು? ಅದು ಹೊರಜಗತ್ತನ್ನು ಕದ್ದು ಕೇಳಿಸಿಕೊಳ್ಳುತ್ತದೆ. ನೀವು ಎರಡು ಕೀಲಿ ಒತ್ತುವ ನಡುವಿನ ಅಂತರ, ಡಿಸ್ಕ್ ಉತ್ತರ ಕೊಡಲು ತೆಗೆದುಕೊಂಡ ಕ್ಷಣ, ಇಂಥವನ್ನೆಲ್ಲ ಕಲಸಿ ಒಂದು ಹಂಡೆಯಲ್ಲಿಟ್ಟುಕೊಳ್ಳುವ ವ್ಯವಸ್ಥೆಯನ್ನು ಲಿನಕ್ಸ್‌ಗೆ 1994ರಲ್ಲಿ ಬರೆದವರು ಥಿಯೋಡರ್ ಸೋ. 2012ರ ನಂತರದ ಇಂಟೆಲ್ ಚಿಪ್‌ಗಳ ಒಳಗೆ ಬಿಸಿಯಿಂದ ಉಂಟಾಗುವ ವಿದ್ಯುತ್ ಕಂಪನವನ್ನೇ ಅಂಕಿಯಾಗಿಸುವ ಭಾಗವಿದೆ. ಕ್ಲೌಡ್‌ಫ್ಲೇರ್ ಕಂಪನಿಯ ಸ್ಯಾನ್‌ಫ್ರಾನ್ಸಿಸ್ಕೊ ಕಚೇರಿಯಲ್ಲಿ ಗೋಡೆ ತುಂಬ ಬಣ್ಣದ ಮೇಣ ಏಳುತ್ತಾ ಬೀಳುತ್ತಾ ಇರುವ ಲಾವಾ ದೀಪಗಳನ್ನಿಟ್ಟು, ಅವುಗಳ ಚಿತ್ರ ಹಿಡಿದು ಬೀಜಕ್ಕೆ ಬೆರೆಸುತ್ತಾರೆ. ಹುಣಸೆ ಬೀಜ ಎಸೆಯುವವರಿಗೆ ಹತ್ತಿರವಾದದ್ದು ಇವರೇ.

ಇನ್ನು ಕ್ಯಾಂಪಸ್ ಸಂದರ್ಶನಕ್ಕೆ ಹೊರಟವರಿಗೆ ಒಂದು ಮಾತು. ಬೀಜ ಚೆನ್ನಾಗಿದ್ದರೂ, ಬೇಕಾದ ಮಿತಿಯೊಳಗಿನ ಸಂಖ್ಯೆ ಮಾಡುವಾಗ ಪಾಲು ಹೆಚ್ಚುಕಡಿಮೆ ಆಗುವುದುಂಟು. 0ಯಿಂದ 9ರವರೆಗಿನ ಒಂದು ಅಂಕಿ ತೆಗೆದು 6ರಿಂದ ಭಾಗಿಸಿ ಶೇಷವನ್ನು ದಾಳವೆಂದುಕೊಂಡರೆ, 0, 1, 2, 3 ಎರಡೆರಡು ದಾರಿಯಲ್ಲಿ ಬರುತ್ತವೆ, 4 ಮತ್ತು 5 ಒಂದೊಂದೇ ದಾರಿಯಲ್ಲಿ. ಆ ದಾಳದಲ್ಲಿ ಆಡಿದರೆ ಜಗಳ ಖಚಿತ. ದೊಡ್ಡ ಸಂಖ್ಯೆಗಳಿಗೆ ಪೈಥಾನ್ ಮಾಡುವ ಉಪಾಯ, ಮೀರಿದ್ದನ್ನು ಬಿಸಾಡಿ ಮತ್ತೆ ತೆಗೆಯುವುದು. 10ರ ಘಾತ 100ಕ್ಕಿಂತ ಚಿಕ್ಕದು ಬೇಕೆಂದರೆ 333 ಬಿಟ್ ತೆಗೆಯುತ್ತದೆ. ಮಿತಿಯೊಳಗಿದ್ದರೆ ಇಟ್ಟುಕೊಳ್ಳುತ್ತದೆ, ಇಲ್ಲದಿದ್ದರೆ ಇಡಿಯಾಗಿ ಎಸೆದು ಹೊಸದು. ಸರಾಸರಿ ಏಳರಲ್ಲಿ ನಾಲ್ಕು ಉಳಿಯುತ್ತವೆ.

ಸಂದರ್ಶನಗಳಲ್ಲಿ ಇದೇ ಬೇರೆ ವೇಷದಲ್ಲಿ ಬರುತ್ತದೆ: ‘ಐದು ಮುಖದ ದಾಳ ಕೊಟ್ಟಿದ್ದೇವೆ, ಅದರಿಂದ ಏಳು ಮುಖದ ದಾಳ ಮಾಡು.’ ಎರಡು ಸಲ ಎಸೆಯಿರಿ, 25 ಸಮಾನ ಸಾಧ್ಯತೆ. ಅವಕ್ಕೆ 0ಯಿಂದ 24ರವರೆಗೆ ಸಂಖ್ಯೆ ಕೊಡಿ. 21 ಅಥವಾ ಮೇಲಿನದು ಬಂದರೆ ಬಿಸಾಡಿ ಮತ್ತೆ ಎಸೆಯಿರಿ. ಉಳಿದ 21ನ್ನು ಏಳೇಳರ ಮೂರು ಪಾಲು ಮಾಡಿದರೆ ಎಲ್ಲ ಮುಖಕ್ಕೂ ಸಮಪಾಲು. ಅಷ್ಟಕ್ಕೇ ಬಿಡುವುದಿಲ್ಲ, ‘ಬಿಸಾಡುತ್ತಲೇ ಕೂತರೆ ಪ್ರೋಗ್ರಾಂ ಮುಗಿಯುವುದು ಯಾವಾಗ?’ ಎನ್ನುತ್ತಾರೆ. ಒಂದು ಸಲ ಬಿಸಾಡಬೇಕಾಗುವ ಸಂಭವ 25ರಲ್ಲಿ 4. ಸತತ ಹತ್ತು ಸಲ ಹಾಗಾಗುವ ಸಂಭವ ಸುಮಾರು ಒಂಬತ್ತು ಕೋಟಿಗೆ ಒಂದು. ಸಂದರ್ಶನದ ಕೊಠಡಿಯಲ್ಲಿ ಕ್ಯಾಲ್ಕುಲೇಟರ್ ಇರುವುದಿಲ್ಲ, 0.16ರ ಹತ್ತನೇ ಘಾತವನ್ನು ಒಮ್ಮೆ ಮನೆಯಲ್ಲೇ ಮಾಡಿಕೊಂಡು ಹೋಗಿ.